ಬೆಟ್ಟ ಇಳಿದು ಹೋದವರು, ಬೆಟ್ಟ ಹತ್ತಿ ಬಂದ ಹಣ

ಸತ್ಯಮಂಗಲದಿಂದ ಬಣ್ಣಾರಿ ದಾಟಿ, ದಿಂಬಂ ಘಟ್ಟದ 27 ತಿರುವುಗಳನ್ನು ಹತ್ತಿ ಬಂದ ಪ್ರಯಾಣಿಕನಿಗೆ ಕಾಡಿನ ನಡುವೆ ಮೊದಲು ಕಾಣುವ ದೊಡ್ಡ ಊರು ನಮ್ಮ ಹಾಸನೂರು. ಇದೇ ರಸ್ತೆ ಮುಂದೆ ಚಾಮರಾಜನಗರಕ್ಕೆ ಹೋಗುತ್ತದೆ. ಮೈಸೂರು ಸೀಮೆಯನ್ನು ಕೊಂಗುನಾಡಿನೊಂದಿಗೆ ಜೋಡಿಸುವ ದಾರಿಗಳು ಈ ಬೆಟ್ಟಸಾಲಿನಲ್ಲಿ ಇಂದು ನಿನ್ನೆಯವಲ್ಲ. 1790ರಲ್ಲಿ ಟಿಪ್ಪುವಿನ ಸೈನ್ಯ ಸತ್ಯಮಂಗಲದತ್ತ ಇಳಿದದ್ದು ಇಲ್ಲಿಗೆ ಸಮೀಪದ ಗಜ್ಜಲಹಟ್ಟಿ ಕಣಿವೆಯ ಮೂಲಕ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಪ್ರದೇಶ ಕಂಪನಿ ಸರ್ಕಾರದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಸೈನ್ಯ, ಎತ್ತಿನ ಗಾಡಿ, ಲಾರಿ, ಬಸ್ಸು ಎಲ್ಲವನ್ನೂ ಈ ಘಟ್ಟ ಕಂಡಿದೆ. ಅವುಗಳ ಜೊತೆಗೆ ಮೇಲಕ್ಕೂ ಕೆಳಕ್ಕೂ ಓಡಾಡಿದ ಇನ್ನೆರಡು ವಸ್ತುಗಳನ್ನು ಚರಿತ್ರಕಾರರು ಹೆಚ್ಚಾಗಿ ಗಮನಿಸಿಲ್ಲ. ಒಂದು, ಕಲಿತ ಮನುಷ್ಯರು. ಇನ್ನೊಂದು, ಅವರು ದುಡಿದು ಕಳುಹಿಸಿದ ಹಣ. ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಹಣದ ಮಾತೇಕೆ ಎಂದು ಕೆಲವರಾದರೂ ಕೇಳಬಹುದು. ಭಾಷೆಯ ಅಳಿವು ಉಳಿವು ಆ ಭಾಷೆಯ ಜನ ಎಲ್ಲಿ ದುಡಿಯುತ್ತಾರೆ, ದುಡಿದದ್ದನ್ನು ಎಲ್ಲಿ ಇಡುತ್ತಾರೆ ಎಂಬುದನ್ನೂ ಅವಲಂಬಿಸಿದೆ ಎಂದು ನಾವು ನಂಬಿರುವುದರಿಂದ ಈ ವಿಷಯವನ್ನು ಆರಿಸಿಕೊಂಡಿದ್ದೇವೆ.

ಬಡ ರಾಷ್ಟ್ರಗಳ ಅರ್ಥವ್ಯವಸ್ಥೆಯನ್ನು ಕುರಿತ ಚರ್ಚೆಯಲ್ಲಿ ಮೂರು ಸಂಗತಿಗಳು ಮತ್ತೆ ಮತ್ತೆ ಕೇಳಿಬರುತ್ತವೆ: ಪ್ರತಿಭಾ ಪಲಾಯನ, ಹೊರಗೆ ದುಡಿಯುವವರು ಮನೆಗೆ ಕಳುಹಿಸುವ ಹಣ, ಶ್ರೀಮಂತ ರಾಷ್ಟ್ರಗಳು ಕೊಡುವ ನೆರವು. ವಿಶ್ವಬ್ಯಾಂಕಿನ ಅಂದಾಜಿನಂತೆ 2023ರಲ್ಲಿ ಹೊರನಾಡುಗಳಲ್ಲಿ ದುಡಿಯುವವರು ಬಡ ಮತ್ತು ಮಧ್ಯಮ ವರಮಾನದ ದೇಶಗಳಿಗೆ ಕಳುಹಿಸಿದ ಹಣ ಸುಮಾರು 65,600 ಕೋಟಿ ಡಾಲರ್. ಅದೇ ವರ್ಷ ಶ್ರೀಮಂತ ಸರ್ಕಾರಗಳೆಲ್ಲ ಸೇರಿ ನೀಡಿದ ಅಧಿಕೃತ ನೆರವು ಸುಮಾರು 22,300 ಕೋಟಿ ಡಾಲರ್. ಅಂದರೆ ಸರ್ಕಾರಗಳು ಕೊಟ್ಟದ್ದರ ಸುಮಾರು ಮೂರು ಪಟ್ಟನ್ನು ಕೂಲಿಕಾರರು, ದಾದಿಯರು, ಚಾಲಕರು, ಎಂಜಿನಿಯರುಗಳು ತಮ್ಮ ಸಂಬಳದಿಂದ ಉಳಿಸಿ ಕಳುಹಿಸಿದ್ದಾರೆ. ಇದರಲ್ಲಿ ಅತಿ ದೊಡ್ಡ ಪಾಲು, ಸುಮಾರು 12,000 ಕೋಟಿ ಡಾಲರ್, ಬಂದದ್ದು ಭಾರತಕ್ಕೆ. ನೆರೆಯ ನೇಪಾಳದ ರಾಷ್ಟ್ರೀಯ ಉತ್ಪನ್ನದಲ್ಲಿ ಕಾಲುಭಾಗದಷ್ಟು ಇಂಥ ಹಣವೇ. ದಾದಾಭಾಯಿ ನವರೋಜಿಯವರು ತಮ್ಮ ಕಾಲದಲ್ಲಿ ಭಾರತದ ಸಂಪತ್ತು ಇಂಗ್ಲೆಂಡಿಗೆ ಸೋರಿಹೋಗುತ್ತಿದೆ ಎಂದು ಲೆಕ್ಕ ಹಾಕಿ ತೋರಿಸಿದ್ದರು. ಇಂದು ಹಣದ ಹರಿವು ತಿರುಗಿದೆ, ಮನುಷ್ಯರ ಹರಿವು ಹೊರಮುಖವಾಗಿದೆ. ಈ ವಿನಿಮಯದಲ್ಲಿ ನಮಗೆ ಲಾಭವೋ ನಷ್ಟವೋ ಎಂಬ ಪ್ರಶ್ನೆಗೆ ಪುಸ್ತಕಗಳಲ್ಲಿ ಎರಡೂ ಕಡೆಯ ವಾದಗಳಿವೆ. ಕನ್ನಡಿಗರ ಸ್ವಂತ ಅನುಭವವನ್ನು ನೋಡಿದರೆ ಬೇರೆಯೇ ಒಂದು ಉತ್ತರ ಹೊಳೆಯುತ್ತದೆ. ಬಂದ ಹಣ ಎಷ್ಟು ಎಂಬುದಕ್ಕಿಂತ ಅದನ್ನು ಹಿಡಿದಿಡುವ ಪಾತ್ರೆ ಊರಿನಲ್ಲಿ ಇತ್ತೇ ಎಂಬುದು ಮುಖ್ಯವಾಗುತ್ತದೆ.

ಮೊದಲು ಕರಾವಳಿಯನ್ನು ನೋಡೋಣ. ಭಾರತದ ಅಂಚೆ ಇಲಾಖೆ 1880ರಲ್ಲಿ ಮನಿಯಾರ್ಡರ್ ಸೇವೆಯನ್ನು ಆರಂಭಿಸಿತು. ಊರು ಬಿಟ್ಟು ಹೋದವನ ದುಡಿಮೆ ಅವನಿಗಿಂತ ಮೊದಲೇ ಮನೆ ಸೇರುವ ವ್ಯವಸ್ಥೆ ಜನಸಾಮಾನ್ಯರಿಗೆ ದೊರೆತದ್ದು ಆಗ. ಅಂದಿನ ದಕ್ಷಿಣ ಕನ್ನಡ ನಮ್ಮ ಕೊಯಮತ್ತೂರಿನಂತೆಯೇ ಮದರಾಸು ಪ್ರಾಂತದ ಒಂದು ಜಿಲ್ಲೆ. ಗೇಣಿಯ ಭಾರ, ಸಣ್ಣ ಹಿಡುವಳಿ, ಮಳೆಗಾಲದಲ್ಲಿ ಕೈಕಟ್ಟಿ ಕೂರಬೇಕಾದ ಕಡಲು, ಇವು ಅಲ್ಲಿನ ತರುಣರನ್ನು ಮುಂಬಯಿಗೆ ನೂಕಿದವು. ಹಡಗು ಹತ್ತಿ ಹೋದ ಹುಡುಗರು ಹೋಟೆಲುಗಳಲ್ಲಿ ಲೋಟ ತೊಳೆದರು, ಗಿರಣಿ ಬಂದರುಗಳಲ್ಲಿ ದುಡಿದರು, ರಾತ್ರಿ ಶಾಲೆಗಳಲ್ಲಿ ಓದಿದರು. ಮುಂಬಯಿಯ ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಷ್ಟು ಹಿಂದೆಯೇ ಸ್ಥಾಪನೆಯಾಯಿತು. ಮೀನುಗಾರ ಸಮುದಾಯವೊಂದು ಹೊರನಾಡಿನಲ್ಲಿ ತನ್ನ ಮಕ್ಕಳ ವಿದ್ಯೆಗಾಗಿ ಸಂಘ ಕಟ್ಟಿಕೊಂಡ ಆ ಕಾಲಕ್ಕೆ ಕನ್ನಡ ಸಾಹಿತ್ಯ ಪರಿಷತ್ತು ಇನ್ನೂ ಹುಟ್ಟಿರಲಿಲ್ಲ ಎಂಬುದನ್ನು ಸಂಘದ ಸದಸ್ಯರು ನೆನಪಿಡುವುದು ಒಳ್ಳೆಯದು. ಹೋಟೆಲಿನಲ್ಲಿ ಲೋಟ ತೊಳೆದವರಲ್ಲಿ ಕೆಲವರು ಮುಂದೆ ಹೋಟೆಲಿನ ಯಜಮಾನರಾದರು. ಮುಂಬಯಿ, ಮದರಾಸು, ಬೆಂಗಳೂರುಗಳಲ್ಲಿ ‘ಉಡುಪಿ’ ಎಂಬುದು ಊರಿನ ಹೆಸರಿಗಿಂತ ಹೆಚ್ಚಾಗಿ ಊಟದ ಹೆಸರಾಯಿತು.

ಇವರು ಕಳುಹಿಸಿದ ಹಣಕ್ಕೆ ಊರಿನಲ್ಲಿ ಪಾತ್ರೆ ಸಿದ್ಧವಾಗಿತ್ತು. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಮಂಗಳೂರಿನಲ್ಲಿ ಕೆನರಾ ಬ್ಯಾಂಕಿನ ಮೂಲಸಂಸ್ಥೆಯನ್ನು ಕಟ್ಟಿದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ನೇತೃತ್ವದಲ್ಲಿ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎನಿಸಿದ ಸಂಸ್ಥೆ ಆರಂಭವಾಯಿತು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ ಬ್ಯಾಂಕ್. ಒಂದು ಜಿಲ್ಲೆಯಿಂದ ಇಷ್ಟೊಂದು ಬ್ಯಾಂಕುಗಳು ಹೊರಟದ್ದು ಭಾರತದ ಆರ್ಥಿಕ ಚರಿತ್ರೆಯಲ್ಲಿ ವಿಶೇಷವೇ ಸರಿ. ಇದಕ್ಕೆ ಹೊರನಾಡಿನ ಹಣವೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ವ್ಯಾಪಾರಿ ಸಮುದಾಯಗಳ ಶಿಸ್ತು, ದೇವಸ್ಥಾನ ಛತ್ರಗಳ ಲೆಕ್ಕಪತ್ರದ ಪರಂಪರೆ, ಇಂಗ್ಲಿಷ್ ವಿದ್ಯಾಭ್ಯಾಸ, ಇವೆಲ್ಲ ಸೇರಿದ್ದವು. ನಮಗೆ ಹೆಚ್ಚು ಮಹತ್ವದ್ದಾಗಿ ಕಾಣುವುದು ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿ. ಬ್ಯಾಂಕಿನ ಪ್ರತಿನಿಧಿಯೇ ದಿನಾಲು ಮನೆಬಾಗಿಲಿಗೆ ಬಂದು ಎರಡಾಣೆಯನ್ನು ಪಡೆದು ರಸೀತಿ ಬರೆದುಕೊಟ್ಟು ಹೋಗುತ್ತಿದ್ದ. ಕೈಮಗ್ಗದವನು, ಮೀನು ಮಾರುವವಳು, ಬೀಡಿ ಕಟ್ಟುವವಳು ಹೀಗೆ ಬ್ಯಾಂಕಿನ ಗಿರಾಕಿಗಳಾದರು. ಎರಡಾಣೆಯನ್ನು ದೊಡ್ಡ ಮೊತ್ತವೆಂದು ಯಾರೂ ಹೇಳಲಾರರು. ಆದರೆ ಅದು ಒಲೆಗೆ ಹೋಗದೆ, ಒಡವೆಗೆ ಹೋಗದೆ ಸಾರ್ವಜನಿಕ ಬಂಡವಾಳವಾಯಿತು. ಆ ಬ್ಯಾಂಕನ್ನು ಕಟ್ಟಿದವರಲ್ಲಿ ಒಬ್ಬರಾದ ಡಾಕ್ಟರ್ ಟಿ. ಎಂ. ಎ. ಪೈ ಅವರೇ ಮುಂದೆ ಮಣಿಪಾಲದ ಬೋಳುಗುಡ್ಡದ ಮೇಲೆ 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ತೆರೆದರು. 1969ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಕರಣಗೊಳಿಸಿದ 14 ಬ್ಯಾಂಕುಗಳಲ್ಲಿ ಕೆನರಾ, ಸಿಂಡಿಕೇಟ್ ಎರಡೂ ಇದ್ದವು. 1980ರ ಎರಡನೆಯ ಸರದಿಯಲ್ಲಿ ಕಾರ್ಪೊರೇಷನ್ ಮತ್ತು ವಿಜಯಾ ಸೇರಿದವು.

ಈ ಕಥೆಗೆ ಇನ್ನೊಂದು ಮುಖವೂ ಇದೆ. ಬ್ಯಾಂಕು ಠೇವಣಿಯನ್ನು ಊರಿನಲ್ಲಿ ಸಂಗ್ರಹಿಸುತ್ತದೆ, ಸಾಲವನ್ನು ಉದ್ಯಮವಿರುವ ಕಡೆ ಕೊಡುತ್ತದೆ. ಹೊರನಾಡಿನ ಹಣ ಹೆಚ್ಚಾಗಿ ಬರುವ ಕರಾವಳಿ, ಕೇರಳಗಳಲ್ಲಿ ಠೇವಣಿಯ ಗಾತ್ರಕ್ಕೆ ಹೋಲಿಸಿದರೆ ಸಾಲದ ಗಾತ್ರ ಸಣ್ಣದೆಂಬ ದೂರು ಬಹುಕಾಲದಿಂದ ಇದೆ. ಮುಂಬಯಿಯಲ್ಲಿ ದುಡಿದವನ ಉಳಿತಾಯ ಊರಿನ ಬ್ಯಾಂಕಿಗೆ ಬಂದು, ಅಲ್ಲಿಂದ ಮತ್ತೆ ಮುಂಬಯಿಯ ಉದ್ಯಮಿಗೆ ಸಾಲವಾಗಿ ಹೋಗುವುದುಂಟು. ಮಣಿಪಾಲದಲ್ಲಿ ಕಲಿತ ವೈದ್ಯರಲ್ಲೂ ಅನೇಕರು ಕಡಲಾಚೆಗೆ ಹೋದರು. ಪಾತ್ರೆಯಿದ್ದರೂ ತಳದಲ್ಲಿ ಸೋರಿಕೆ ಇರಬಹುದು. ಆದರೂ ಪಾತ್ರೆಯೇ ಇಲ್ಲದ ಊರಿಗೂ ಆ ಜಿಲ್ಲೆಗೂ ಇರುವ ಅಂತರವನ್ನು ಅಲ್ಲಿನ ಶಾಲೆ, ಆಸ್ಪತ್ರೆಗಳೇ ಹೇಳುತ್ತವೆ.

1973ರಲ್ಲಿ ತೈಲದ ಬೆಲೆ ಏರಿದ ಮೇಲೆ ಕೊಲ್ಲಿ ರಾಷ್ಟ್ರಗಳ ಬಾಗಿಲು ತೆರೆಯಿತು. ಕೇರಳ, ಕಾಸರಗೋಡು, ಮಂಗಳೂರು, ಭಟ್ಕಳಗಳಿಂದ ಜನ ಸಾಲುಸಾಲಾಗಿ ಹೋದರು. ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರದ ವಿದ್ವಾಂಸರು 1998ರಲ್ಲಿ ಮೊದಲ ಬಾರಿಗೆ ವ್ಯವಸ್ಥಿತವಾಗಿ ಸಮೀಕ್ಷೆ ನಡೆಸಿದಾಗ ಕೇರಳದಿಂದ ಹೊರದೇಶಗಳಿಗೆ ಹೋದವರ ಸಂಖ್ಯೆ 13 ಲಕ್ಷ ಮೀರಿತ್ತು. ಆ ಹಣದಿಂದ ಬಡತನ ತಗ್ಗಿತು, ಹೆಣ್ಣುಮಕ್ಕಳು ಓದಿದರು, ಹಂಚಿನ ಮನೆಗಳು ತಾರಸಿ ಮನೆಗಳಾದವು. ಕಾರ್ಖಾನೆಗಳು ಮಾತ್ರ ಅಷ್ಟಾಗಿ ಏಳಲಿಲ್ಲ. ಕೂಲಿಯ ದರ ಏರಿದ್ದರಿಂದ ಗದ್ದೆಗಳು ಪಾಳುಬಿದ್ದವು, ಮನೆ ಕಟ್ಟಲು ಮೊದಲು ತಮಿಳುನಾಡಿನಿಂದಲೂ ಈಚೆಗೆ ಬಂಗಾಳ ಅಸ್ಸಾಮುಗಳಿಂದಲೂ ಕೆಲಸಗಾರರು ಬರಬೇಕಾಯಿತು. ಇದನ್ನು ವ್ಯಂಗ್ಯವಾಗಿ ನೋಡುವವರಿದ್ದಾರೆ. ನಾವು ಹಾಗೆ ನೋಡುವುದಿಲ್ಲ. ಮರಳುಗಾಡಿನ ಬಿಸಿಲಿನಲ್ಲಿ ದುಡಿದವನು ತನ್ನ ತಾಯಿಗೆ ಒಂದು ಒಳ್ಳೆಯ ಮನೆ ಕಟ್ಟಿಸಿದರೆ ಅದು ದುಂದುವೆಚ್ಚವೆಂದು ಹೇಳಲು ಪಂಡಿತರಿಗೆ ಅಧಿಕಾರವಿಲ್ಲ.

ಈ ಹಣದ ಅಸ್ಥಿರತೆಯನ್ನು ದೇಶ ಕಲಿತದ್ದು 1990ರಲ್ಲಿ. ಆಗಸ್ಟ್ ತಿಂಗಳಲ್ಲಿ ಇರಾಕಿನ ಸೈನ್ಯ ಕುವೈತನ್ನು ಆಕ್ರಮಿಸಿತು. ಅಲ್ಲಿದ್ದ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ವಿಮಾನಗಳಲ್ಲಿ ಕರೆತರಬೇಕಾಯಿತು. ತೈಲದ ಬೆಲೆ ಏರಿತು, ಅಲ್ಲಿಂದ ಬರುವ ಹಣ ನಿಂತಿತು, ಅನಿವಾಸಿ ಭಾರತೀಯರು ಇಲ್ಲಿನ ಬ್ಯಾಂಕುಗಳಲ್ಲಿ ಇಟ್ಟಿದ್ದ ಠೇವಣಿಯನ್ನು ಹಿಂತೆಗೆಯತೊಡಗಿದರು. 1991ರ ಮಧ್ಯಭಾಗದ ವೇಳೆಗೆ ಕೆಲವೇ ವಾರಗಳ ಆಮದಿಗೆ ಸಾಕಾಗುವಷ್ಟು ವಿದೇಶೀ ವಿನಿಮಯ ಮಾತ್ರ ಉಳಿದು, ರಿಸರ್ವ್ ಬ್ಯಾಂಕು 47 ಟನ್ ಚಿನ್ನವನ್ನು ಹೊರದೇಶದಲ್ಲಿ ಅಡವಿಡಬೇಕಾಯಿತು. ಮನೆಯ ಕಷ್ಟಕ್ಕೆ ಮಾಂಗಲ್ಯ ಅಡವಿಟ್ಟ ತಾಯಂದಿರನ್ನು ಕಂಡಿರುವ ನಮ್ಮ ಜನಕ್ಕೆ ಈ ಸುದ್ದಿಯನ್ನು ವಿವರಿಸಿ ಹೇಳಬೇಕಾಗಿರಲಿಲ್ಲ.

ಇನ್ನು ವಿದೇಶೀ ನೆರವಿನ ಮಾತು. ನಮ್ಮ ಪೀಳಿಗೆಯವರಲ್ಲಿ ಇದು ನಾಲಗೆಯ ನೆನಪು. ಅಮೆರಿಕ 1954ರಲ್ಲಿ ಅಂಗೀಕರಿಸಿದ ಪಿ.ಎಲ್. 480 ಎಂಬ ಕಾನೂನಿನಂತೆ ಅಲ್ಲಿನ ಹೆಚ್ಚುವರಿ ಗೋಧಿ, ಕೆಂಪು ಜೋಳ, ಹಾಲಿನ ಪುಡಿ ಭಾರತಕ್ಕೆ ಬಂದವು. ಕೇರ್ ಸಂಸ್ಥೆಯ ಮೂಲಕ ಬಂದ ಹಾಲಿನ ಪುಡಿಯನ್ನು ಬಿಸಿನೀರಿನಲ್ಲಿ ಕದಡಿ ಶಾಲೆಯ ಮಕ್ಕಳಿಗೆ ಕೊಡುತ್ತಿದ್ದ ಕಾಲವದು. ರಾಗಿಮುದ್ದೆ ಉಂಡು ಬೆಳೆದವರಿಗೆ ಆ ಕೆಂಪು ಜೋಳ ರುಚಿಸಲಿಲ್ಲ. ಹಸಿವು ರುಚಿ ಕೇಳಲಿಲ್ಲ. 1965, 1966ರ ಬರಗಾಲಗಳಲ್ಲಿ ಹಡಗು ಬಂದರಿಗೆ ಬಂದರೆ ಮಾತ್ರ ಪಡಿತರ ಎಂಬ ಸ್ಥಿತಿ ಒದಗಿತು. 1966ರಲ್ಲಿ ಆಮದಾದ ಆಹಾರಧಾನ್ಯ ಸುಮಾರು 1 ಕೋಟಿ ಟನ್. ಅಮೆರಿಕದ ಅಧ್ಯಕ್ಷ ಜಾನ್ಸನ್ ಅವರು ಧಾನ್ಯವನ್ನು ಒಮ್ಮೆಗೇ ಬಿಡದೆ, ನಮ್ಮ ನೀತಿಯನ್ನು ನೋಡಿ ನೋಡಿ ಸ್ವಲ್ಪ ಸ್ವಲ್ಪವೇ ಬಿಡುತ್ತಿದ್ದರು. ಅದೇ ವರ್ಷ ಜೂನ್ 6ರಂದು ರೂಪಾಯಿಯ ಬೆಲೆ ಇಳಿಯಿತು, ಡಾಲರಿಗೆ 4.76 ರೂಪಾಯಿ ಇದ್ದದ್ದು 7.50 ಆಯಿತು.

ಆಗ ಕೇಂದ್ರದ ಆಹಾರ ಮತ್ತು ಕೃಷಿ ಸಚಿವರಾಗಿದ್ದವರು ಸಿ. ಸುಬ್ರಮಣ್ಯಂ. ಅವರು ಹುಟ್ಟಿದ್ದು ಪೊಳ್ಳಾಚಿಯ ಬಳಿಯ ಹಳ್ಳಿಯಲ್ಲಿ, ಅಂದರೆ ಅಂದು ನಾವೂ ಸೇರಿದ್ದ ಕೊಯಮತ್ತೂರು ಜಿಲ್ಲೆಯಲ್ಲಿ. ಗೋಧಿಯನ್ನು ಬೇಡುವ ಬದಲು ಬಿತ್ತನೆ ಬೀಜವನ್ನು ತರುವುದೇ ಲೇಸೆಂದು ನಿಶ್ಚಯಿಸಿ, 1966ರಲ್ಲಿ ಮೆಕ್ಸಿಕೋದಿಂದ 18,000 ಟನ್ ಗೋಧಿ ಬೀಜವನ್ನು ತರಿಸಿದರು. ಆ ತಳಿಗಳ ಹಿಂದೆ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ಹಣವಿತ್ತು, ನಾರ್ಮನ್ ಬೋರ್ಲಾಗ್ ಅವರ ವಿದ್ಯೆಯಿತ್ತು. ಇದೂ ವಿದೇಶೀ ನೆರವೇ. ಒಂದು ಹಡಗಿನಲ್ಲಿ ಬಂದ ನೆರವು ತಿಂದು ಮುಗಿಯಿತು. ಇನ್ನೊಂದು ಹಡಗಿನಲ್ಲಿ ಬಂದದ್ದು ಮೊಳೆಯಿತು, ಏಕೆಂದರೆ ಅದನ್ನು ಪರೀಕ್ಷಿಸಿ ನೋಡಲು ನಮ್ಮ ಕೃಷಿ ವಿಜ್ಞಾನಿಗಳಿದ್ದರು, ಪಂಜಾಬಿನಲ್ಲಿ ನೀರಾವರಿ ಇತ್ತು, ರೈತನಿಗೆ ಬೆಲೆಯ ಭರವಸೆ ಇತ್ತು. ಹಸಿರು ಕ್ರಾಂತಿ ಮುಂದೆ ಮಣ್ಣಿಗೂ ಅಂತರ್ಜಲಕ್ಕೂ ಮಾಡಿದ ಹಾನಿ ಬೇರೊಂದು ಲೇಖನಕ್ಕೆ ವಿಷಯವಾಗಬೇಕು.

ಪಿ.ಎಲ್. 480ರ ಕಥೆಯಲ್ಲಿ ಕನ್ನಡಿಗರು ಕೇಳಿರಲಾರದ ಒಂದು ಉಪಕಥೆಯಿದೆ. ಗೋಧಿಯ ಬೆಲೆಯನ್ನು ನಾವು ಡಾಲರಿನಲ್ಲಿ ಅಲ್ಲ, ರೂಪಾಯಿಯಲ್ಲಿ ಸಲ್ಲಿಸುತ್ತಿದ್ದೆವು. ಆ ರೂಪಾಯಿ ಭಾರತದಲ್ಲೇ ಅಮೆರಿಕದ ಲೆಕ್ಕದಲ್ಲಿ ಬೆಟ್ಟದಂತೆ ಬೆಳೆಯಿತು. ಅದರಲ್ಲಿ ಒಂದು ಅಂಶವನ್ನು 1962ರಿಂದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಳ್ಳಲು ಬಳಸಿತು. ಹೀಗೆ ಬೆಂಗಳೂರು, ಮೈಸೂರು, ಧಾರವಾಡಗಳಲ್ಲಿ ಅಚ್ಚಾದ ಕನ್ನಡ ಕಾದಂಬರಿ, ಕವನ ಸಂಕಲನಗಳು ಷಿಕಾಗೋ ಮೊದಲಾದ ವಿಶ್ವವಿದ್ಯಾನಿಲಯಗಳ ಕಪಾಟು ಸೇರಿದವು. ನಮ್ಮ ಮಕ್ಕಳು ತಿಂದ ಗೋಧಿಗೆ ಪ್ರತಿಯಾಗಿ ನಮ್ಮ ಪುಸ್ತಕಗಳು ಹೋದವು ಎನ್ನಬಹುದು. ಉಳಿದ ರೂಪಾಯಿಯಲ್ಲಿ ಬಹುಭಾಗವನ್ನು 1974ರಲ್ಲಿ ಅಮೆರಿಕದ ರಾಯಭಾರಿ ಮೊಯ್ನಿಹಾನ್ ಅವರು 1,664 ಕೋಟಿ ರೂಪಾಯಿಯ ಒಂದೇ ಚೆಕ್ಕಿನಲ್ಲಿ ಭಾರತಕ್ಕೆ ಹಿಂತಿರುಗಿಸಿದರು.

ಅಮೆರಿಕ, ಪಂಜಾಬುಗಳ ಮಾತಿರಲಿ; ನೆರವಿನ ಇನ್ನೊಂದು ಅಧ್ಯಾಯ ನಮ್ಮ ಬೆಟ್ಟದ ಮಗ್ಗುಲಲ್ಲೇ ನಡೆದಿದೆ. ಹಾಸನೂರಿನಿಂದ ಗೇರ್ಮಾಳದ ಕಾಡುದಾರಿಯಲ್ಲಿ ಗಡಿ ದಾಟಿದರೆ ಹನೂರು ಸೀಮೆಯ ಒಡೆಯರಪಾಳ್ಯ ಸಿಗುತ್ತದೆ. 1959ರಲ್ಲಿ ದಲಾಯಿ ಲಾಮಾ ಅವರೊಂದಿಗೆ ಬಂದ ಟಿಬೆಟ್ಟಿನ ನಿರಾಶ್ರಿತರಿಗೆ ಮೈಸೂರು ರಾಜ್ಯ ಮೊದಲು ಬೈಲಕುಪ್ಪೆಯಲ್ಲಿ, ಆಮೇಲೆ ಮುಂಡಗೋಡು, ಹುಣಸೂರುಗಳಲ್ಲಿ, 1970ರ ದಶಕದಲ್ಲಿ ಒಡೆಯರಪಾಳ್ಯದಲ್ಲಿ ನೆಲ ಕೊಟ್ಟಿತು. ಹಿಮದ ನಾಡಿನವರು ನಮ್ಮ ಕಾಡಂಚಿನಲ್ಲಿ ಮುಸುಕಿನ ಜೋಳ ಬಿತ್ತಿ, ನಮ್ಮಂತೆಯೇ ಆನೆ ಹಂದಿಗಳನ್ನು ಕಾಯತೊಡಗಿದರು. ಹಲವು ವಿದೇಶೀ ಸಂಸ್ಥೆಗಳ ಹಣ ಅವರ ಮನೆ, ಶಾಲೆ, ಆಸ್ಪತ್ರೆಗಳಿಗೆ ಬಂತು. ಆ ಪುನರ್ವಸತಿ ಕಾರ್ಯಕ್ಕೆಂದೇ 1968ರಲ್ಲಿ ಹುಟ್ಟಿದ ಸಂಸ್ಥೆ ಮೈರಾಡ.

ಟಿಬೆಟ್ಟಿನವರ ಕೆಲಸ ಒಂದು ಹಂತಕ್ಕೆ ಬಂದ ಮೇಲೆ ಮೈರಾಡ ಸುತ್ತಲಿನ ಬಡ ರೈತರ ಕಡೆಗೆ ತಿರುಗಿತು. ನಮ್ಮ ತಾಳವಾಡಿ ಬೆಟ್ಟಗಳಲ್ಲಿಯೂ ಅದು ಬಹುಕಾಲ ಕೆಲಸ ಮಾಡಿತು. ಈರೋಡು ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವನ್ನು ನಡೆಸುತ್ತಿರುವುದೂ ಅದೇ ಸಂಸ್ಥೆ. ಮೊದಮೊದಲು ದೊಡ್ಡ ಸಹಕಾರ ಸಂಘಗಳನ್ನು ಕಟ್ಟಿ ಅವುಗಳ ಮೂಲಕ ಸಾಲ ಕೊಡಿಸಿತು. 1980ರ ದಶಕದ ನಡುವಿನಲ್ಲಿ ಅವುಗಳಲ್ಲಿ ಹಲವು ಮುರಿದುಬಿದ್ದವು. ದೊಡ್ಡ ಸಂಘದಲ್ಲಿ ಯಾರೋ ಒಬ್ಬಿಬ್ಬರು ಯಜಮಾನರಾಗುತ್ತಾರೆ. ಉಳಿದವರು ಹೆಬ್ಬೆಟ್ಟು ಒತ್ತಿ ಮನೆಗೆ ಹೋಗುತ್ತಾರೆ. ಹಳ್ಳಿಯ ಸಹಕಾರ ಸಂಘವನ್ನು ಹತ್ತಿರದಿಂದ ನೋಡಿದವರಿಗೆ ಇದು ಹೊಸ ಮಾತಲ್ಲ. ಆಗ ಸಾಲಗಾರರಲ್ಲಿ ಕೆಲವರು ಗುಂಪುಗುಂಪಾಗಿ ಬಂದು, ನಾವು ಸಾಲ ತೀರಿಸಲು ಸಿದ್ಧ, ಆದರೆ ಆ ಸಂಘಕ್ಕೆ ಕಟ್ಟುವುದಿಲ್ಲ, ನಿಮಗೇ ಕಟ್ಟುತ್ತೇವೆ ಎಂದರು. ನಮಗೆ ಬೇಡ, ನಿಮ್ಮ ಗುಂಪಿನಲ್ಲೇ ಇಟ್ಟುಕೊಂಡು ನಿಮ್ಮವರಿಗೇ ಸಾಲ ಕೊಡಿ ಎಂದಿತು ಸಂಸ್ಥೆ. ಪರಸ್ಪರ ನಂಬಿಕೆಯುಳ್ಳ ಹದಿನೈದು ಇಪ್ಪತ್ತು ಮಂದಿ, ವಾರಕ್ಕೊಂದು ಸಭೆ, ಒಂದು ಪುಸ್ತಕ, ಒಂದು ಪೆಟ್ಟಿಗೆ. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿ ನೀಡಿತು. 1992ರಲ್ಲಿ 500 ಗುಂಪುಗಳನ್ನು ಬ್ಯಾಂಕುಗಳೊಂದಿಗೆ ಜೋಡಿಸುವ ಯೋಜನೆ ಆರಂಭವಾಯಿತು. ಇಂದು ದೇಶದಲ್ಲಿ ಸ್ವಸಹಾಯ ಸಂಘಗಳ ಸಂಖ್ಯೆ 1 ಕೋಟಿ ಮೀರಿದೆ. ನಮ್ಮ ಹೆಣ್ಣುಮಕ್ಕಳು ‘ಸಂಘಕ್ಕೆ ಹೋಗಿಬರುತ್ತೇನೆ’ ಎಂದರೆ ಅದು ಕನ್ನಡ ಸಂಘವಲ್ಲ, ಈ ಸಂಘ!

ನಿರಾಶ್ರಿತರಿಗಾಗಿ ಬಂದ ವಿದೇಶೀ ಹಣ, ಆ ಹಣದಿಂದ ಬೆಳೆದ ಸಂಸ್ಥೆ, ಆ ಸಂಸ್ಥೆಯ ಸೋಲು, ಸೋಲಿನಿಂದ ಹುಟ್ಟಿದ ಹದಿನೈದು ಮಂದಿಯ ಪೆಟ್ಟಿಗೆ, ಇದನ್ನು ಯಾವ ದಾನಿಯೂ ಮೊದಲೇ ಬರೆದುಕೊಟ್ಟಿರಲಿಲ್ಲ. ಎಲ್ಲವೂ ಸುಖಾಂತವೆಂದೂ ಅಲ್ಲ. ಗುಂಪಿನ ಶಿಸ್ತನ್ನು ಕಂಡ ಖಾಸಗಿ ಕಿರುಸಾಲ ಕಂಪನಿಗಳು ಅದೇ ಮಾದರಿಯಲ್ಲಿ ಹೆಚ್ಚು ಬಡ್ಡಿಗೆ ಸಾಲ ಹಂಚಿ, ವಸೂಲಿಯ ಕಾಟದಿಂದ ಬಡವರು ಮನೆಗೆ ಬೀಗ ಹಾಕಿ ಹೋಗುವಂತೆ ಮಾಡಿದ್ದನ್ನೂ ಕಂಡೆವು. ಕರ್ನಾಟಕ ಸರ್ಕಾರ 2025ರ ಫೆಬ್ರುವರಿಯಲ್ಲಿ ಇದಕ್ಕಾಗಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಅತ್ತ ಟಿಬೆಟ್ಟಿನವರ ಹೊಸ ಪೀಳಿಗೆ ಓದಿ ಅಮೆರಿಕ, ಕೆನಡಾ, ಯೂರೋಪುಗಳಿಗೆ ಹೋಗುತ್ತಿದೆ. ವಸತಿಗಳಲ್ಲಿ ವೃದ್ಧರು, ಭಿಕ್ಷುಗಳು ಹೆಚ್ಚಾಗಿ ಕಾಣುತ್ತಾರೆ. ಒಮ್ಮೆ ಅಪರಿಚಿತ ದಾನಿಗಳ ಹಣದಿಂದ ನಿಂತ ಮನೆಗಳು ಈಗ ಮಕ್ಕಳು ಕಳುಹಿಸುವ ಹಣದಿಂದ ಸುಣ್ಣಬಣ್ಣ ಕಾಣುತ್ತಿವೆ.

ಪ್ರತಿಭಾ ಪಲಾಯನದ ಮಾತನ್ನು ಕೊನೆಗೆ ಉಳಿಸಿಕೊಂಡೆವು, ಉಪಾಧ್ಯಾಯರಿಗೆ ಅದು ಹೆಚ್ಚು ನೋಯಿಸುವ ವಿಷಯವಾದ್ದರಿಂದ. 1965ರಲ್ಲಿ ಅಮೆರಿಕ ತನ್ನ ವಲಸೆ ಕಾನೂನನ್ನು ಸಡಿಲಿಸಿದ ಮೇಲೆ ನಮ್ಮ ವೈದ್ಯರು, ಎಂಜಿನಿಯರುಗಳು ದೊಡ್ಡ ಸಂಖ್ಯೆಯಲ್ಲಿ ಹೋದರು. ತೆರಿಗೆದಾರರ ಹಣದಿಂದ ಕಲಿತವರ ಸೇವೆಯನ್ನು ಶ್ರೀಮಂತ ದೇಶ ಪಡೆಯುವುದರಿಂದ, ಹಾಗೆ ಹೋದವರ ವರಮಾನದ ಮೇಲೆ ತೆರಿಗೆ ಹಾಕಿ ಅದನ್ನು ಬಡ ದೇಶಗಳಿಗೆ ಕೊಡಬೇಕೆಂದು ಅರ್ಥಶಾಸ್ತ್ರಜ್ಞ ಜಗದೀಶ್ ಭಗವತಿ 1970ರ ದಶಕದಲ್ಲಿ ಸೂಚಿಸಿದರು. ಅವರೂ ಭಾರತದಿಂದ ಹೋಗಿ ಅಮೆರಿಕದಲ್ಲಿ ನೆಲೆಸಿದ್ದವರೇ. ಯಾವ ಸರ್ಕಾರವೂ ಆ ಸಲಹೆಯನ್ನು ಜಾರಿಗೆ ತರಲಿಲ್ಲ. ಹೋಗುವ ಆಸೆಯಿಂದಲೇ ಹೆಚ್ಚು ಮಂದಿ ಓದುತ್ತಾರೆ, ಅವರಲ್ಲಿ ಹೋದವರಿಗಿಂತ ಉಳಿದವರೇ ಹೆಚ್ಚು ಎಂಬ ಪ್ರತಿವಾದವನ್ನೂ ತಳ್ಳಿಹಾಕುವಂತಿಲ್ಲ. ಹೋಗಿ ಹಿಂತಿರುಗಿದವರು, ಅಲ್ಲಿಂದಲೇ ಕೆಲಸ ಕಳುಹಿಸಿದವರು ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮದ ಬೆಳವಣಿಗೆಗೆ ಕಾರಣರಾದುದು ಎಲ್ಲರಿಗೂ ತಿಳಿದಿದೆ.

ಸಾಹಿತ್ಯದಿಂದಲೇ ಒಂದು ಉದಾಹರಣೆ ಕೊಡುವುದಾದರೆ, ಮೈಸೂರಿನಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ 1959ರಲ್ಲಿ ಅಮೆರಿಕಕ್ಕೆ ಹೋಗಿ, ಆಮೇಲೆ ಷಿಕಾಗೋದಲ್ಲಿ ಅಧ್ಯಾಪಕರಾಗಿ ಅಲ್ಲಿಯೇ ಉಳಿದರು. ಗೋಧಿಯ ರೂಪಾಯಿಯಲ್ಲಿ ಕೊಂಡ ಕನ್ನಡ ಪುಸ್ತಕಗಳು ಸೇರಿದ ವಿಶ್ವವಿದ್ಯಾನಿಲಯವೇ ಅದು. ಯು. ಆರ್. ಅನಂತಮೂರ್ತಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ ಓದಲು ಹೋಗಿ, ಅಲ್ಲಿದ್ದಾಗ ‘ಸಂಸ್ಕಾರ’ವನ್ನು ಬರೆದು, ಹಿಂತಿರುಗಿ ಬಂದರು. 1965ರಲ್ಲಿ ಪ್ರಕಟವಾದ ಆ ಕಾದಂಬರಿಯನ್ನು 1976ರಲ್ಲಿ ಇಂಗ್ಲಿಷಿಗೆ ತಂದವರು ಹಿಂತಿರುಗದ ರಾಮಾನುಜನ್. ಇಬ್ಬರಲ್ಲಿ ಯಾರಿಂದ ಕನ್ನಡಕ್ಕೆ ನಷ್ಟವಾಯಿತೆಂದು ಹೇಳುವಿರಿ?

ಆದರೆ ಪುಸ್ತಕವನ್ನು ದೂರದಿಂದ ಅನುವಾದಿಸಬಹುದು, ಜ್ವರದ ಮಗುವಿನ ನಾಡಿಯನ್ನು ದೂರದಿಂದ ಹಿಡಿಯಲಾಗದು. ನಮ್ಮ ಕಾಡಿಗೆ ಹೊಂದಿಕೊಂಡೇ ಇರುವ ಬಿಳಿಗಿರಿರಂಗನ ಬೆಟ್ಟಕ್ಕೆ ಬೆಂಗಳೂರಿನಲ್ಲಿ ವೈದ್ಯಕೀಯ ಓದಿದ ಡಾಕ್ಟರ್ ಎಚ್. ಸುದರ್ಶನ್ ಬಂದು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆರಂಭಿಸಿದರು. ಹಾವು ಕಡಿದವರಿಗೆ, ಕರಡಿ ಪರಚಿದವರಿಗೆ, ಹೆರಿಗೆಯ ತಾಯಂದಿರಿಗೆ ಚಿಕಿತ್ಸೆ ನೀಡುತ್ತ, ಸೋಲಿಗರ ಮಕ್ಕಳಿಗೆ ಶಾಲೆ ತೆರೆದರು. 1994ರಲ್ಲಿ ಸ್ವೀಡನ್ನಿನ ರೈಟ್ ಲೈವ್ಲಿಹುಡ್ ಪ್ರಶಸ್ತಿ ಅವರನ್ನು ಹುಡುಕಿಕೊಂಡು ಬಂತು. ವಿದೇಶದ ಹಣ ಅಲ್ಲಿಗೂ ಬಂದಿದೆ. ವೈದ್ಯನು ಮೊದಲು ಬಂದ, ಹಣ ಆಮೇಲೆ ಬಂತು. ಆ ಕ್ರಮ ತಿರುವುಮುರುವಾಗಿದ್ದ ಕಡೆಗಳಲ್ಲಿ ಕಟ್ಟಡಗಳು ಮಾತ್ರ ಉಳಿದಿವೆ.

ನಮ್ಮ ತಾಳವಾಡಿ ಬೆಟ್ಟಗಳ ವಿಚಾರಕ್ಕೆ ಬರೋಣ. 1956ರ ನವೆಂಬರ್ 1ರಂದು ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿ, ಹಾಸನೂರು ಮದರಾಸು ರಾಜ್ಯದಲ್ಲೇ ಉಳಿದವು. ಕೊಯಮತ್ತೂರು ಜಿಲ್ಲೆಯಿಂದ ಈರೋಡು 1979ರಲ್ಲಿ ಬೇರೆಯಾಯಿತು. ಮಾತು ಕನ್ನಡ, ಸರ್ಕಾರ ತಮಿಳು. ಇದರಿಂದ ನಮ್ಮ ಮಕ್ಕಳಿಗೆ ಊರು ಬಿಡಲು ಎರಡು ದಾರಿಗಳು ತೆರೆದವು. ಕನ್ನಡದಲ್ಲಿ ಓದಿದವರು ಚಾಮರಾಜನಗರ, ಮೈಸೂರು, ಬೆಂಗಳೂರುಗಳಿಗೆ. ತಮಿಳಿನಲ್ಲಿ ಓದಿದವರು ಸತ್ಯಮಂಗಲ, ಕೊಯಮತ್ತೂರು, ತಿರುಪ್ಪೂರುಗಳಿಗೆ. ಇಂಗ್ಲಿಷಿನಲ್ಲಿ ಓದಿದವರು ಇನ್ನೂ ದೂರಕ್ಕೆ. ಹೋದವರಲ್ಲಿ ಅತಿ ದೊಡ್ಡ ಹೆಸರು ಗಾಜನೂರಿನ ಮುತ್ತುರಾಜರದು. ನಾಟಕದ ತಂದೆಯ ಬೆನ್ನುಹಿಡಿದು ಬಾಲ್ಯದಲ್ಲೇ ಗುಬ್ಬಿ ಕಂಪನಿ ಸೇರಿ, 1954ರ ‘ಬೇಡರ ಕಣ್ಣಪ್ಪ’ದಿಂದ ರಾಜಕುಮಾರರಾದ ಅವರು ಕೊನೆಯವರೆಗೂ ಗಾಜನೂರಿನ ಮನೆ, ಹೊಲಗಳನ್ನು ಬಿಡಲಿಲ್ಲ. ಆ ಮನೆಗೆ ಬಂದಿದ್ದಾಗಲೇ 2000ದ ಜುಲೈ 30ರ ರಾತ್ರಿ ಅವರ ಅಪಹರಣ ನಡೆಯಿತು. 108 ದಿನ ಅವರು ಈ ಕಾಡುಗಳಲ್ಲಿ ಕಳೆದರು. ಊರಿಗೆ ಮರಳಿ ಬರುವುದಕ್ಕೂ ಬೆಲೆ ತೆರಬೇಕಾದ ಕಾಲವದು.

ರಿಸರ್ವ್ ಬ್ಯಾಂಕಿನ ಸಮೀಕ್ಷೆಯಂತೆ 2023-24ರಲ್ಲಿ ದೇಶಕ್ಕೆ ಬಂದ ಹೊರನಾಡಿನ ಹಣದಲ್ಲಿ ತಮಿಳುನಾಡಿನ ಪಾಲು ನೂರಕ್ಕೆ 10ಕ್ಕಿಂತ ತುಸು ಹೆಚ್ಚು, ಕರ್ನಾಟಕದ ಪಾಲು 8ರ ಸಮೀಪ. ಬೆಟ್ಟದವರ ಹಣ ಬಹುತೇಕ ಬರುವುದು ಕಡಲಾಚೆಯಿಂದಲ್ಲ, ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಿಂದ, ಬೆಂಗಳೂರಿನ ಬಾಡಿಗೆ ಕೋಣೆಗಳಿಂದ. ಈಗ ಅಂಚೆಯಣ್ಣನ ದಾರಿ ಕಾಯಬೇಕಾಗಿಲ್ಲ. ಫೋನಿನಲ್ಲಿ ಒಂದು ಕ್ಷಣದಲ್ಲಿ ಬರುತ್ತದೆ. ಬಂದದ್ದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ನಮ್ಮ ಬೀದಿಗಳೇ ತೋರಿಸುತ್ತವೆ. ಕೊಳವೆಬಾವಿ, ಬೈಕು, ಮದುವೆ, ಆನೆ ಬಾರದಂತೆ ಸೋಲಾರ್ ಬೇಲಿ, ಕೆಳಗಿನ ಊರಿನ ಇಂಗ್ಲಿಷ್ ಶಾಲೆಯ ಶುಲ್ಕ. ಕೋಸು, ಆಲೂಗೆಡ್ಡೆ, ಬೆಳ್ಳುಳ್ಳಿಗಳನ್ನು ಬೆಳೆಯುತ್ತೇವೆ. ಬೆಲೆ ಮೇಟುಪಾಳ್ಯದಲ್ಲೋ ಮೈಸೂರಿನಲ್ಲೋ ನಿರ್ಧಾರವಾಗುತ್ತದೆ. 2022ರ ಫೆಬ್ರುವರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯದ ಆದೇಶದಂತೆ ದಿಂಬಂ ಘಟ್ಟದಲ್ಲಿ ರಾತ್ರಿ ಸಂಚಾರ ನಿಂತಾಗ, ಹುಲಿ ಚಿರತೆಗಳ ಜೀವಕ್ಕೆ ಒಳ್ಳೆಯದಾದ ಆ ಆದೇಶದಿಂದ ತರಕಾರಿ ಬೆಳೆಗಾರನಿಗೂ ಆಸ್ಪತ್ರೆಗೆ ಹೋಗುವವನಿಗೂ ಆದ ಕಷ್ಟ ನಮ್ಮೆಲ್ಲರ ಅನುಭವಕ್ಕೆ ಬಂದಿದೆ.

ಹಣಕ್ಕಿಂತ ದೊಡ್ಡ ಕೊರತೆ ನಮ್ಮ ಕನ್ನಡ ಶಾಲೆಗಳಲ್ಲಿದೆ. 2006ರ ಕಾನೂನಿನಿಂದ ತಮಿಳು ಕಡ್ಡಾಯವಾಯಿತು. ತಮಿಳು ಕಲಿಯುವುದಕ್ಕೆ ನಮ್ಮ ಆಕ್ಷೇಪವಿಲ್ಲ, ಎರಡು ಭಾಷೆ ಬಲ್ಲವನು ಎರಡು ಊಟ ಬಲ್ಲವನು. ಆದರೆ ಗಣಿತ, ವಿಜ್ಞಾನಗಳನ್ನು ಕನ್ನಡದಲ್ಲಿ ಕಲಿಸಬಲ್ಲ ಉಪಾಧ್ಯಾಯರು ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ನಮ್ಮ ಬೆಟ್ಟದಲ್ಲೇ ಓದಿ ಬಿ.ಎಡ್. ಮಾಡಿದವರು ಗಡಿಯಾಚೆ ಕೆಲಸ ಹಿಡಿಯುತ್ತಾರೆ. ಅವರನ್ನು ದೂರುವಂತಿಲ್ಲ. ಇಲ್ಲಿ ಹುದ್ದೆ ಖಾಲಿಯಿದ್ದರೂ ಭರ್ತಿಯಾಗುವ ತನಕ ಕಾಯುವ ಶಕ್ತಿ ಎಷ್ಟು ಮನೆಗಳಲ್ಲಿದೆ?

ಆದ್ದರಿಂದ ಸಂಘದ ಮುಂದೆ ನಾವು ಇಡುವ ಸಲಹೆ ಇಷ್ಟು. ಬೆಟ್ಟ ಇಳಿದು ಹೋದ ನಮ್ಮ ಮಕ್ಕಳು ಎಲ್ಲೆಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂಬ ಒಂದು ಪುಸ್ತಕವನ್ನು ಸಂಘ ಈ ವರ್ಷವೇ ಆರಂಭಿಸಲಿ. ಅವರಲ್ಲಿ ಒಪ್ಪಿದವರಿಂದ ವರ್ಷಕ್ಕೆ ಒಂದು ದಿನದ ಸಂಬಳವನ್ನು ಪಡೆದು, ಸಂಘದ ಹೆಸರಿನಲ್ಲಿ ಬ್ಯಾಂಕಿನಲ್ಲಿಡಲಿ. ಮೊದಲ ವರ್ಷ ಅದರಿಂದ ಹಾಸನೂರು, ತಾಳವಾಡಿಗಳ ಎರಡು ಶಾಲೆಗಳಲ್ಲಿ ಸಂಜೆ ಹೊತ್ತು ಹತ್ತನೆಯ ತರಗತಿಯವರಿಗೆ ಕನ್ನಡದಲ್ಲಿ ಗಣಿತ ಹೇಳಿಕೊಡುವ ಇಬ್ಬರು ಸ್ಥಳೀಯ ಪದವೀಧರರಿಗೆ ಗೌರವಧನ ಕೊಡಬಹುದು. ಲೆಕ್ಕವನ್ನು ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಬರೆಯಲಿ. ಅವರಷ್ಟು ಚೊಕ್ಕವಾಗಿ ಬರೆಯುವವರು ಗಂಡಸರಲ್ಲಿ ನಮಗೆ ಕಂಡಿಲ್ಲ. ಸಮ್ಮೇಳನದ ಎರಡನೆಯ ದಿನದ ಸರ್ವಸದಸ್ಯರ ಸಭೆಯಲ್ಲಿ ಇದು ಚರ್ಚೆಗೆ ಬರಲೆಂದು ಕಾರ್ಯಕಾರಿ ಸಮಿತಿಯನ್ನು ಕೋರುತ್ತೇವೆ.